ಕೊಡಗಿನ ತಲೆಯೆಣಿಕೆ

ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರು; ರಾಜ್ಯದ ನೆಲದಲ್ಲಿ ನೂರಕ್ಕೆ ಎರಡು ಪಾಲಿಗಿಂತ ತುಸು ಹೆಚ್ಚು. 2011ರ ಜನಗಣತಿಯಂತೆ ಅಲ್ಲಿದ್ದವರು 5,54,519 ಮಂದಿ, ಅಂದರೆ ರಾಜ್ಯದ ಜನರಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಕರ್ನಾಟಕದಲ್ಲೇ ಅತಿ ವಿರಳ ಜನವಸತಿಯ ಜಿಲ್ಲೆ ಇದು. ಕೊಡಗಿನ ಆಡಳಿತದ ಚರಿತ್ರೆ ಈ ಎರಡು ಅಂಕಿಗಳ ನಡುವಿನ ಜಗ್ಗಾಟದ ಕಥೆ.

1834ರಲ್ಲಿ ಚಿಕ್ಕವೀರ ರಾಜೇಂದ್ರನನ್ನು ಪದಚ್ಯುತಗೊಳಿಸಿದ ಬ್ರಿಟಿಷರು ಕೊಡಗನ್ನು ಮೈಸೂರಿಗೂ ಸೇರಿಸಲಿಲ್ಲ, ಮದರಾಸಿಗೂ ಸೇರಿಸಲಿಲ್ಲ. ಹಳೆಯ ನಾಡುಗಳ ಚೌಕಟ್ಟನ್ನೂ ಬಹುಮಟ್ಟಿಗೆ ಉಳಿಸಿಕೊಂಡರು. ಹಳ್ಳಿಗೆ ಪಟೇಲ, ನಾಡಿಗೆ ಪಾರ್ಪತ್ಯಗಾರ, ತಾಲ್ಲೂಕಿಗೆ ಸುಬೇದಾರ. ಬೇರೆಡೆ ತಹಶೀಲ್ದಾರನಿದ್ದ ಕುರ್ಚಿಯಲ್ಲಿ ಇಲ್ಲಿ ಸುಬೇದಾರ ಕುಳಿತಿದ್ದ. 1881ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿದ ಮೇಲೆ, ಬೆಂಗಳೂರಿನಲ್ಲಿದ್ದ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಕೂಡ ಆದರು. ಪ್ರತ್ಯೇಕ ಪ್ರಾಂತವೇನೋ ಸರಿ, ಅದರ ಮುಖ್ಯಸ್ಥ ಮಾತ್ರ ದೂರದ ಊರಿನಲ್ಲಿ!

ಆ ಕಾಲದ ಜನಸಂಖ್ಯೆ ಗಮನಿಸಬೇಕಾದದ್ದು. 1901ರಲ್ಲಿ 1,80,607 ಇದ್ದದ್ದು 1931ರ ವೇಳೆಗೆ 1,63,327ಕ್ಕೆ ಇಳಿಯಿತು. ಮಲೇರಿಯಾ ಈ ನಾಡಿನ ಬೆನ್ನು ಬಿಡದ ಕಾಯಿಲೆಯಾಗಿತ್ತು. 1918ರ ಇನ್‌ಫ್ಲುಯೆಂಜಾ ಬೇರೆ ಬಂದು ಹೋಗಿತ್ತು. ಕಾಫಿ ಬೆಳೆ ಕೈಕೊಟ್ಟರೆ ಘಟ್ಟದ ಆಚೆಯಿಂದಲೂ ಮೈಸೂರಿನ ಕಡೆಯಿಂದಲೂ ಬರುವ ಕೂಲಿಕಾರರು ಕಡಿಮೆಯಾಗುತ್ತಿದ್ದರು. ಅಂದಿನ ಗಣತಿ ಒಂದೇ ರಾತ್ರಿಯ ಎಣಿಕೆ. ಆ ರಾತ್ರಿ ಎಸ್ಟೇಟಿನ ಲೈನ್ ಮನೆಗಳಲ್ಲಿ ಮಲಗಿದ್ದವರೆಲ್ಲ ಕೊಡಗಿನವರ ಲೆಕ್ಕಕ್ಕೇ ಸೇರುತ್ತಿದ್ದರು, ಮರುವಾರವೇ ಊರಿಗೆ ಹೊರಟರೂ ಸರಿಯೇ. ಹೀಗೆ ಬಂದವರಲ್ಲಿ ಗಂಡಸರೇ ಹೆಚ್ಚು. ಇಂದಿನ ಚಿತ್ರ ತಿರುವು ಮುರುವು: 2011ರಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರಿದ್ದರು. ಕೊಡಗಿನ ಜನಸಂಖ್ಯೆ ಎಂದರೆ ಕೊಡವರ ಸಂಖ್ಯೆ ಎಂದು ತಿಳಿಯುವವರುಂಟು. ಆದರೆ ಅರೆಭಾಷೆಯ ಗೌಡರು, ಯರವರು, ಕುರುಬರು, ಮಾಪಿಳ್ಳೆಗಳು, ತೋಟಕ್ಕೆ ಬಂದು ನೆಲೆಸಿದವರು, ಎಲ್ಲರೂ ಸೇರಿದ ಮೊತ್ತ ಅದು.

1952ರಲ್ಲಿ 'ಸಿ' ವರ್ಗದ ರಾಜ್ಯವಾಗಿ ಕೊಡಗು ಚುನಾವಣೆಗೆ ಹೋಯಿತು. 24 ಸ್ಥಾನಗಳ ವಿಧಾನಸಭೆ. ಕಾಂಗ್ರೆಸ್ಸಿಗೆ 15, ಪಕ್ಷೇತರರಿಗೆ 9. ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ. 1951ರ ಗಣತಿಯ ಪ್ರಕಾರ ಜನ 2,29,405. ಎಂದರೆ ಹತ್ತು ಸಾವಿರ ಮಂದಿಗೂ ಕಡಿಮೆ ಜನಕ್ಕೆ ಒಬ್ಬ ಶಾಸಕ! ಮತ ಕೇಳಲು ಬಂದವನ ಮನೆತನ, ಗದ್ದೆ, ಸಾಲ ಎಲ್ಲವೂ ಮತದಾರನಿಗೆ ಗೊತ್ತಿರಬಹುದಾದ ಅಳತೆ ಅದು. ಇಷ್ಟು ಚಿಕ್ಕ ರಾಜ್ಯ ಉಳಿಯುವುದು ಕಷ್ಟವೇ ಆಗಿತ್ತು. ಫಜಲ್ ಅಲಿ ಆಯೋಗ 1955ರಲ್ಲಿ ವಿಲೀನಕ್ಕೆ ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು.

ಅಲ್ಲಿಂದ ಮುಂದೆ ಲೆಕ್ಕವೇ ಬೇರೆ. 2001ರ ಗಣತಿಯ ಆಧಾರದ ಕ್ಷೇತ್ರ ವಿಂಗಡಣೆಯಲ್ಲಿ ರಾಜ್ಯದ 224 ಸ್ಥಾನಗಳಿಗೆ ಸರಾಸರಿ 2.36 ಲಕ್ಷ ಜನ ಬಂದರು. ಕೊಡಗಿನ ಐದೂವರೆ ಲಕ್ಷಕ್ಕೆ ದಕ್ಕಿದ್ದು ಎರಡೇ. ಸೋಮವಾರಪೇಟೆ ಕ್ಷೇತ್ರ ಅಳಿದು, 2008ರಿಂದ ಮಡಿಕೇರಿ, ವಿರಾಜಪೇಟೆ ಮಾತ್ರ ಉಳಿದವು. ಕಾಡು, ಗುಡ್ಡ, ಮಳೆಗಾಲದಲ್ಲಿ ಕುಸಿಯುವ ರಸ್ತೆ ಇವು ಯಾವುವೂ ತಲೆಯೆಣಿಕೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕಂದಾಯ ಇಲಾಖೆ ಮಾತ್ರ ದೂರವನ್ನು ಎಣಿಸಿತು ಎನ್ನಬಹುದು: ಮೂರು ತಾಲ್ಲೂಕುಗಳ ಜಿಲ್ಲೆಗೆ ಕುಶಾಲನಗರ, ಪೊನ್ನಂಪೇಟೆ ಸೇರಿ ಐದಾದವು. ಲೋಕಸಭೆಯಲ್ಲಿ 1952ರಲ್ಲಿ ತನ್ನದೇ ಒಂದು ಸ್ಥಾನವಿದ್ದ ಕೊಡಗು ಮುಂದೆ ಮಂಗಳೂರಿನ ಜೊತೆಗಿದ್ದು, 2009ರ ಚುನಾವಣೆಯಿಂದ ಮೈಸೂರಿನ ಜೊತೆ ಮತ ಹಾಕುತ್ತಿದೆ.