ಬಚ್ಚಲ ಹಿಂದಿನ ಪುದೀನ

ನಮ್ಮ ತುಮಕೂರಿನ ಮನೆಯಲ್ಲಿ ಪುದೀನಕ್ಕೆ ಅಡಿಗೆಮನೆಯ ಪ್ರವೇಶವಿರಲಿಲ್ಲ. ಅದು ಬೆಳೆಯುತ್ತಿದ್ದದ್ದು ಬಚ್ಚಲ ನೀರು ಹರಿದುಹೋಗುವ ಕಡೆ, ಬಟ್ಟೆ ಒಗೆಯುವ ಕಲ್ಲಿನ ಮಗ್ಗುಲಲ್ಲಿ. 1974ರಲ್ಲಿ, ನಾನಿನ್ನೂ ಲಂಗ ಉಡುತ್ತಿದ್ದಾಗ, ಅಮ್ಮ ಅದನ್ನು ಹಿಂದಿನ ಬೀದಿಯ ಬೂಬಮ್ಮನ ಮನೆಯಿಂದ ತಂದಳು. ಬೂಬಮ್ಮ ಬೇರುಸಹಿತ ಒಂದು ಹಿಡಿ ಕಿತ್ತು ಕೊಟ್ಟು, "ತೇವ ಇರೋ ಕಡೆ ಎಸೆದುಬಿಡಮ್ಮಾ, ಅದೇ ಬದುಕಿಕೊಳ್ಳುತ್ತೆ" ಎಂದಿದ್ದಳಂತೆ.

ಅಜ್ಜಿ ನೋಡಿದಳು. "ಹೆಸರು ಕೇಳಿದರೇ ತಿಳಿಯೋದಿಲ್ಲವೇ, ಅದು ನಮ್ಮ ಕಡೇದಲ್ಲ" ಎಂದಳು. ಅಲ್ಲಿಗೆ ತೀರ್ಮಾನವಾಯಿತು. ಅಮ್ಮ ಎದುರಾಡಲಿಲ್ಲ, ಗಿಡವನ್ನು ಕೀಳಲೂ ಇಲ್ಲ. ಅಜ್ಜಿ ಮಗಳ ಮನೆಗೆ ಹೋದ ದಿನಗಳಲ್ಲಿ ಮಾತ್ರ ನಮಗೆ ಪುದೀನದ ಚಟ್ನಿ. ಸೊಪ್ಪನ್ನು ಎಣ್ಣೆಯಲ್ಲಿ ಒಂದೇ ಕ್ಷಣ ಬಾಡಿಸಿ, ಹಸಿಮೆಣಸಿನಕಾಯಿ, ಹುಣಸೆ, ತೆಂಗಿನಕಾಯಿಯ ಜೊತೆ ಒರಳಿಗೆ ಹಾಕುತ್ತಿದ್ದಳು. ಆಮೇಲೆ ಒರಳನ್ನು ಎರಡು ಸಲ ತೊಳೆಯುತ್ತಿದ್ದಳು!

ಎಷ್ಟೋ ವರ್ಷಗಳ ಮೇಲೆ ನಿಘಂಟು ತಿರುವುತ್ತಿದ್ದಾಗ ಅಜ್ಜಿಯ ಮಾತು ಒಂದು ಲೆಕ್ಕದಲ್ಲಿ ಸರಿಯೆಂದು ಗೊತ್ತಾಯಿತು. ಪುದೀನ ಎಂಬುದು ಫಾರಸಿ ಮಾತು. ಆದರೆ ಅಜ್ಜಿ ದಿನಾ ದೇವರಿಗೆ ಏರಿಸುತ್ತಿದ್ದ ಗುಲಾಬಿಯ ಹೆಸರೂ ಫಾರಸಿಯೇ, ತಾತನ ತಲೆಯ ಮೇಲಿದ್ದ ರುಮಾಲೂ ಫಾರಸಿಯೇ. ಸಾರಿಗೆ ಹಾಕುತ್ತಿದ್ದ ಮೆಣಸಿನಕಾಯಿಯಂತೂ ಅಮೆರಿಕದ್ದು. ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಶ್ರಾದ್ಧದ ಅಡಿಗೆಗೆ ಅದನ್ನು ಸೇರಿಸದೆ ಕರಿಮೆಣಸನ್ನೇ ಹಾಕುವಾಗ ಅಜ್ಜಿಗೆ ಅದು ಹೊರಗಿನದೆಂಬ ಹಳೆಯ ನೆನಪು ಎಲ್ಲೋ ಉಳಿದಿತ್ತೆಂದು ಕಾಣುತ್ತದೆ. ಮಿಕ್ಕ ದಿನಗಳಲ್ಲಿ ಅದು ನಮ್ಮದೇ!

ಈ ಸೊಪ್ಪಿಗೆ ಅವಮಾನ ಹೊಸದೇನೂ ಅಲ್ಲ. ಗ್ರೀಕರ ಪುರಾಣದಲ್ಲಿ ಮಿಂಥೆ ಎಂಬ ಅಪ್ಸರೆಯೊಬ್ಬಳು ಪಾತಾಳದ ಒಡೆಯ ಹೇಡಿಸನ ಕಣ್ಣಿಗೆ ಬೀಳುತ್ತಾಳೆ. ಅವನ ಹೆಂಡತಿ ಪರ್ಸೆಫೊನೆ ಸಿಟ್ಟಿನಿಂದ ಆಕೆಯನ್ನು ತುಳಿದುಹಾಕುತ್ತಾಳೆ, ತುಳಿಸಿಕೊಂಡವಳು ಪುದೀನವಾಗುತ್ತಾಳೆ. ಇಂಗ್ಲಿಷಿನ ಮಿಂಟ್ ಆ ಹೆಸರಿನಿಂದಲೇ ಬಂದದ್ದು. ತಪ್ಪು ಗಂಡನದು, ತುಳಿತ ಹೆಣ್ಣಿಗೆ. ಕಥೆ ಕಟ್ಟಿದವರು ಯಾರೋ ಈ ಗಿಡವನ್ನು ಚೆನ್ನಾಗಿ ಬಲ್ಲವರೇ ಇರಬೇಕು, ಕಾಲು ತಾಗಿದರಲ್ಲವೇ ಅದರ ಘಮ ಏಳುವುದು? ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ ಪುದೀನದಲ್ಲೂ ಹತ್ತರಲ್ಲೊಂದು ಪಾಲನ್ನು ದೇವರಿಗೆ ಅಳೆದು ಕೊಡುವವರ ಪ್ರಸ್ತಾಪವಿದೆ. ನ್ಯಾಯ, ದಯೆಗಳನ್ನು ಬಿಟ್ಟು ಸೊಪ್ಪಿನ ಲೆಕ್ಕ ಹಿಡಿದವರೆಂದು ಯೇಸು ಅವರನ್ನು ಗದರುತ್ತಾನೆ. ಓದಿದಾಗ ನನಗೆ ನಮ್ಮ ಒರಳು ನೆನಪಾಯಿತು.

ತಮಾಷೆಯೆಂದರೆ, ಪುದೀನವನ್ನು ಒಲ್ಲದ ಅಜ್ಜಿ ರಾತ್ರಿ ತಲೆನೋವೆಂದು ಹಣೆಗೆ ಹಚ್ಚಿಕೊಳ್ಳುತ್ತಿದ್ದದ್ದು ಅಮೃತಾಂಜನ. ಅದರ ತಂಪೆಲ್ಲ ಮೆಂಥಾಲಿನದು. ಮೆಂಥಾಲು ಹೇರಳವಾಗಿ ಸಿಗುವುದು ಪುದೀನದ ಅಕ್ಕತಂಗಿಯಂಥ ಇನ್ನೊಂದು ಜಾತಿಯಿಂದ. ಅದನ್ನು ಜಪಾನಿನ ಪುದೀನವೆಂದು ಕರೆಯುತ್ತಾರೆ. 1950ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದದ್ದು, ಈಗ ಉತ್ತರಪ್ರದೇಶದ ಬಾರಾಬಂಕಿಯ ಕಡೆ ಹೊಲಹೊಲಗಳಲ್ಲಿ ಬೆಳೆಯುತ್ತದೆ. ಇದನ್ನು ಹೇಳಲು ಅಜ್ಜಿ ಇರಲಿಲ್ಲ. ಇದ್ದಿದ್ದರೂ ನನಗೆ ಧೈರ್ಯವಿರುತ್ತಿತ್ತೋ ಇಲ್ಲವೋ.

1991ರಲ್ಲಿ ಮನೆ ಮಾರಿದೆವು. ಅಮ್ಮ ಮೈಸೂರಿಗೆ ನನ್ನ ಜೊತೆ ಬರುವಾಗ ಒದ್ದೆ ಬಟ್ಟೆಯಲ್ಲಿ ನಾಲ್ಕು ಕಡ್ಡಿ ಸುತ್ತಿಕೊಂಡು ಬಂದಳು. ಒಡೆದ ಬಕೆಟ್ಟಿಗೆ ಗೊಬ್ಬರದ ಮಣ್ಣು ತುಂಬಿ, ಬೆಳಗಿನ ಬಿಸಿಲಷ್ಟೇ ಬೀಳುವ ಮೂಲೆಯಲ್ಲಿಟ್ಟಳು. ನೆಲದಲ್ಲಿ ಬಿಟ್ಟರೆ ಮಣ್ಣೊಳಗೇ ಕಾಂಡ ಹರಿಸಿ ಪಕ್ಕದ ಗಿಡದ ಅನ್ನಕ್ಕೂ ಕೈಹಾಕುವ ಜಾತಿ ಅದು. ಹೂ ಬರುವ ಮುಂಚೆ ತುದಿ ಚಿವುಟುತ್ತಿದ್ದಳು, ಚಿವುಟಿದಷ್ಟೂ ಪೊದೆಯಾಗುತ್ತಿತ್ತು. ಈಗ ಮುಚ್ಚುಮರೆಯಿರಲಿಲ್ಲ; ಚಟ್ನಿ, ಪಲಾವು, ಮಜ್ಜಿಗೆ ಎಲ್ಲಕ್ಕೂ ಅದೇ. ಆದರೂ ಒರಳು ಹೋಗಿ ಮಿಕ್ಸಿ ಬಂದ ಮೇಲೂ ಜಾರನ್ನು ಎರಡು ಸಲ ತೊಳೆಯುವುದು ಮಾತ್ರ ಬಿಡಲಿಲ್ಲ.

2003ರ ಏಪ್ರಿಲಿನಲ್ಲಿ ಅಮ್ಮ ಆಸ್ಪತ್ರೆ ಸೇರಿದಳು. ಹತ್ತೊಂಬತ್ತು ದಿನ. ಎಲ್ಲ ಮುಗಿಸಿ ಮನೆಗೆ ಬಂದಾಗ ಬಕೆಟ್ಟಿನಲ್ಲಿ ಕಂದು ಕಡ್ಡಿಗಳಿದ್ದವು. ನೀರು ಹಾಕಲು ಯಾರಿಗೂ ಹೇಳಿರಲಿಲ್ಲ ನಾನು. ಅಮ್ಮನ ಸೀರೆಗಳನ್ನು ಹಂಚುವಾಗ ಬಾರದ ಅಳು ಅಲ್ಲಿ ಬಂತು. ಮಾರುಕಟ್ಟೆಯ ಕಟ್ಟಿನಿಂದ ದಪ್ಪ ಕಡ್ಡಿ ಆರಿಸಿ ಲೋಟದ ನೀರಿನಲ್ಲಿಟ್ಟರೆ ವಾರ ಹತ್ತು ದಿನದಲ್ಲಿ ಬೇರು ಬಿಡುತ್ತದೆ, ಗೊತ್ತು. ಆದರೆ ಪುದೀನ ಬೀಜದಿಂದ ಬೀಜಕ್ಕೆ ಸಾಗುವ ಗಿಡವಲ್ಲ. ಕಡ್ಡಿ ಮುರಿದು ನೆಟ್ಟರೆ ಹೊಸದು ಹುಟ್ಟುವುದಿಲ್ಲ, ಹಳೆಯದೇ ಮುಂದುವರಿಯುತ್ತದೆ. ಹಾಗಾಗಿ ನನಗೆ ಬೇಕಾದ್ದು ಅದೇ ಗಿಡ.

ಮರುವರ್ಷ ತುಮಕೂರಿಗೆ ಮದುವೆಗೆ ಹೋದವಳು ಹಿಂದಿನ ಬೀದಿಗೆ ಹೋದೆ. ಬೂಬಮ್ಮ ತೀರಿಹೋಗಿದ್ದಳು. ಸೊಸೆ ಒಳಗೆ ಕರೆದು ಚಹಾ ಕೊಟ್ಟಳು. ನಾಚಿಕೊಂಡೇ ಕೇಳಿದೆ, "ನಿಮ್ಮತ್ತೆಯವರ ಪುದೀನ ಇನ್ನೂ ಇದೆಯೇ?"

"ನಮ್ಮತ್ತೇದು ಎಲ್ಲಿ ಬಂತು ಅಕ್ಕಾ? ಎಂಬತ್ತಮೂರರ ಬೇಸಿಗೆಯಲ್ಲಿ ಬಾವಿ ಬತ್ತಿದಾಗ ನಮ್ಮದು ಪೂರ್ತಿ ಒಣಗಿಹೋಗಿತ್ತು. ನಿಮ್ಮ ಬಚ್ಚಲ ಹಿಂದಿನದನ್ನ ನಿಮ್ಮಜ್ಜೀನೇ ಕಿತ್ತು ಕೊಟ್ಟರಂತೆ."

"ಅಜ್ಜಿಯೇ?" ಎಂದೆ.

"ಹೂಂ, ಅಜ್ಜೀನೇ. ನಮ್ಮತ್ತೆ ಯಾವಾಗಲೂ ಹೇಳೋರು."

ಆಕೆ ಹಿತ್ತಲಿಗೆ ಹೋಗಿ ಒಂದು ಹಿಡಿ ಕಿತ್ತು, ಹಳೆಯ ಪೇಪರು ನೆನೆಸಿ ಸುತ್ತಿ ಕೊಟ್ಟಳು. ಬಸ್ಸಿನಲ್ಲಿ ಮೈಸೂರಿನವರೆಗೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಪಕ್ಕದ ಸೀಟಿನಾಕೆ ಮೂಗರಳಿಸಿ, "ಪುದೀನವೇ? ನನಗೂ ಎರಡು ಕಡ್ಡಿ ಕೊಡಿ" ಎಂದರು. ಕೊಟ್ಟೆ.