ಪರೀಕ್ಷೆ ಯಾವ ಭಾಷೆಯಲ್ಲಿ?

1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಹಾಗೂ ಥಿಯೊಡೋರ್ ಸಿಮೋನ್ ಬುದ್ಧಿಶಕ್ತಿಯ ಪರೀಕ್ಷೆಯೊಂದನ್ನು ರೂಪಿಸಿದರು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ವಿಶೇಷ ಶಿಕ್ಷಣ ಕೊಡುವುದು ಅದರ ಉದ್ದೇಶ. ಅಮೆರಿಕ ತಲುಪಿದ ಮೇಲೆ ಇಂಥ ಪರೀಕ್ಷೆಗಳು ಮಕ್ಕಳಿಗೆ ಹಣೆಪಟ್ಟಿ ಅಂಟಿಸುವುದಕ್ಕೂ ಬಳಕೆಯಾದವು.

ಕ್ಯಾಲಿಫೋರ್ನಿಯಾದ ಸೊಲೆಡಾಡ್ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಒಂಬತ್ತು ಮಕ್ಕಳನ್ನು ಬುದ್ಧಿಮಾಂದ್ಯರೆಂದು ಪ್ರತ್ಯೇಕ ತರಗತಿಗೆ ಸೇರಿಸಿದ್ದರು. ಅವರ ಮನೆಮಾತು ಸ್ಪ್ಯಾನಿಷ್. ಪರೀಕ್ಷೆ ನಡೆದದ್ದು ಇಂಗ್ಲಿಷಿನಲ್ಲಿ! ಎರಡೂ ಭಾಷೆ ಬಲ್ಲವರು ಮತ್ತೆ ಪರೀಕ್ಷಿಸಿದಾಗ ಬುದ್ಧಿಸೂಚ್ಯಂಕ ಸರಾಸರಿ 15 ಅಂಶ ಏರಿತು. ಏಳು ಮಕ್ಕಳು ಆ ತರಗತಿಯ ಮಿತಿಯನ್ನೇ ದಾಟಿದ್ದರು. ಹಾಗಾದರೆ ಮೊದಲ ಬಾರಿ ಅಳೆದದ್ದು ಬುದ್ಧಿಯನ್ನೋ, ಇಂಗ್ಲಿಷನ್ನೋ?

'ಡಯಾನಾ' ಮೊಕದ್ದಮೆ ಎಂದು ಹೆಸರಾದ ಈ ವ್ಯಾಜ್ಯ 1970ರಲ್ಲಿ ರಾಜಿಯಲ್ಲಿ ಮುಗಿಯಿತು. ಮನೆಮಾತಿನಲ್ಲೂ ಪರೀಕ್ಷಿಸಬೇಕು, ಈಗಾಗಲೇ ಆ ತರಗತಿಗಳಲ್ಲಿರುವ ಇಂಥ ಮಕ್ಕಳನ್ನು ಮರುಪರೀಕ್ಷಿಸಬೇಕು ಎಂದು ರಾಜ್ಯ ಒಪ್ಪಿಕೊಂಡಿತು. 1975ರಲ್ಲಿ ಇಡೀ ಅಮೆರಿಕಕ್ಕೆ ಅನ್ವಯಿಸುವ ಕಾಯಿದೆ ಬಂತು. ಅದರ ಪ್ರಕಾರ ಒಂದೇ ಪರೀಕ್ಷೆಯ ಆಧಾರದಲ್ಲಿ ಯಾವ ಮಗುವಿನ ಶಿಕ್ಷಣವನ್ನೂ ನಿರ್ಧರಿಸುವಂತಿಲ್ಲ. ಶಾಲೆಯ ನಿರ್ಣಯ ಒಪ್ಪಿಗೆಯಾಗದಿದ್ದರೆ ತಂದೆತಾಯಿ ನಿಷ್ಪಕ್ಷಪಾತ ವಿಚಾರಣೆ ಕೇಳಬಹುದು. ಹೊರಗಿನ ತಜ್ಞರಿಂದ ಮಗುವನ್ನು ಪರೀಕ್ಷಿಸಲೂಬಹುದು.