ಉಪದೇಶ ಮತ್ತು ವ್ಯಾಸಂಗ: ಕಾಲೇಜಿನಲ್ಲಿ ಧರ್ಮಾಧ್ಯಯನ

ಧರ್ಮವನ್ನು ಉಪದೇಶಿಸುವುದು ಬೇರೆ, ಧರ್ಮವನ್ನು ಕುರಿತು ವ್ಯಾಸಂಗ ಮಾಡುವುದು ಬೇರೆ. ಮೊದಲನೆಯದಕ್ಕೆ ಗುರು ಬೇಕು, ದೀಕ್ಷೆ ಬೇಕು, ನಿಷ್ಠೆ ಬೇಕು. ಎರಡನೆಯದಕ್ಕೆ ಗ್ರಂಥ, ಅಧ್ಯಾಪಕ ಮತ್ತು ಪ್ರಶ್ನಿಸುವ ಮನಸ್ಸು ಸಾಕು. ಮಠದ ಭಕ್ತರಿಗೆ ಈ ಭೇದ ಹೊಸದೇನಲ್ಲ. ಲಿಂಗದೀಕ್ಷೆ ಪಡೆದವರೆಲ್ಲರೂ ವಚನ ಸಾಹಿತ್ಯದ ವಿದ್ವಾಂಸರಲ್ಲ. ವಚನಗಳನ್ನು ಆಳವಾಗಿ ಅಭ್ಯಸಿಸಿದವರೆಲ್ಲರೂ ದೀಕ್ಷಾವಂತರೂ ಅಲ್ಲ. ಆದರೆ ಸ್ವತಂತ್ರ ಭಾರತದ ಕಾಲೇಜುಗಳಲ್ಲಿ ಈ ಭೇದವನ್ನು ಮರೆತದ್ದರಿಂದ, ಪದವೀಧರರ ಅನೇಕ ತಲೆಮಾರುಗಳು ತಮ್ಮ ಧರ್ಮವನ್ನಾಗಲಿ ನೆರೆಯವರ ಧರ್ಮವನ್ನಾಗಲಿ ಕ್ರಮವಾಗಿ ಓದದೆಯೇ ಹೊರಬಂದವು.

ಇದಕ್ಕೆ ಸಂವಿಧಾನವೇ ಕಾರಣವೆಂದು ಹೇಳುವವರುಂಟು. ಅದು ಸರಿಯಲ್ಲ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಇರಕೂಡದೆಂದು 28ನೆಯ ವಿಧಿ ಹೇಳುತ್ತದೆ, ನಿಜ. ಆದರೆ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಈ ವಿಧಿಯ ಚರ್ಚೆ ನಡೆದಾಗ ಡಾ. ಬಿ. ಆರ್. ಅಂಬೇಡ್ಕರ್ ಅವರು ಧಾರ್ಮಿಕ ಬೋಧನೆಯನ್ನೂ ಅಧ್ಯಯನ, ಸಂಶೋಧನೆಗಳನ್ನೂ ಬೇರೆಬೇರೆಯಾಗಿ ಕಾಣಬೇಕೆಂದು ಸ್ಪಷ್ಟಪಡಿಸಿದ್ದರು. ಇಂಥದ್ದನ್ನು ನಂಬಬೇಕು ಎಂದು ಕಲಿಸುವುದು ಬೋಧನೆ. ಇಂಥವರು ಇಂಥದ್ದನ್ನು ನಂಬಿದರು, ಏಕೆ ನಂಬಿದರು ಎಂದು ವಿಚಾರಿಸುವುದು ಅಧ್ಯಯನ. ನಿಷೇಧವಿರುವುದು ಮೊದಲನೆಯದಕ್ಕೆ ಮಾತ್ರ.

ಅದೇ ಅವಧಿಯಲ್ಲಿ ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ಕೆಲಸ ಮಾಡುತ್ತಿತ್ತು. 1949ರಲ್ಲಿ ಸಲ್ಲಿಸಿದ ವರದಿಯಲ್ಲಿ ಅದು ಒಂದು ಧೀರ ಸಲಹೆಯನ್ನು ನೀಡಿತು. ವಿದ್ಯಾರ್ಥಿಯು ತನ್ನ ಮುಖ್ಯ ವಿಷಯದ ಜೊತೆಯಲ್ಲಿ ಪದವಿಯ ಮೊದಲ ವರ್ಷ ಮಹಾಪುರುಷರ ಚರಿತ್ರೆಗಳನ್ನು, ಎರಡನೆಯ ವರ್ಷ ಜಗತ್ತಿನ ಧರ್ಮಗ್ರಂಥಗಳಿಂದ ಆಯ್ದ ಭಾಗಗಳನ್ನು, ಮೂರನೆಯ ವರ್ಷ ಧರ್ಮತತ್ತ್ವಶಾಸ್ತ್ರದ ಮುಖ್ಯ ಸಮಸ್ಯೆಗಳನ್ನು ಓದಬೇಕು ಎಂಬುದು ಅದರ ಸಾರ. ಬುದ್ಧ, ಕನ್‌ಫ್ಯೂಷಿಯಸ್, ಜರತುಷ್ಟ್ರ, ಸಾಕ್ರಟೀಸ್, ಏಸು, ಶಂಕರ, ರಾಮಾನುಜ, ಮಧ್ವ, ಮುಹಮ್ಮದ್, ಕಬೀರ, ನಾನಕ, ಗಾಂಧಿ ಇವರ ಹೆಸರುಗಳನ್ನು ವರದಿ ಸೂಚಿಸಿತು.

ಈ ಪಟ್ಟಿಯಲ್ಲಿ ಬಸವಣ್ಣನವರ ಹೆಸರಿಲ್ಲ. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಕನ್ನಡ ನಾಡು ಅವರಿಗೆ ಅಪರಿಚಿತವಲ್ಲ. ಆದರೂ ಈ ಮರೆವಿನಲ್ಲಿ ದುರುದ್ದೇಶವನ್ನು ಹುಡುಕುವುದು ನ್ಯಾಯವಲ್ಲ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಮೊದಲು ಪ್ರಕಟವಾದದ್ದೇ 1923ರಲ್ಲಿ. ಕನ್ನಡದಲ್ಲಿ ಆಗತಾನೆ ಬೆಳಕು ಕಂಡಿದ್ದ ವಚನ ಸಂಪತ್ತು ಅನ್ಯಭಾಷಿಕ ವಿದ್ವಾಂಸರ ಮೇಜಿಗೆ ತಲುಪಲು ಕಾಲ ಹಿಡಿಯಿತು. ಯಾವ ಧರ್ಮವು ವಿಶ್ವವಿದ್ಯಾಲಯದ ಅಧ್ಯಯನಕ್ಕೆ ಒದಗುವುದಿಲ್ಲವೋ ಅದು ಇಂತಹ ಪಟ್ಟಿಗಳಿಂದ ತಾನಾಗಿಯೇ ಜಾರಿಹೋಗುತ್ತದೆ.

ಆಯೋಗದ ಪಠ್ಯಯೋಜನೆ ದೇಶವ್ಯಾಪಿಯಾಗಿ ಜಾರಿಗೆ ಬರಲಿಲ್ಲ. 1964-66ರ ಕೊಠಾರಿ ಆಯೋಗವೂ ಧಾರ್ಮಿಕ ಶಿಕ್ಷಣ ಬೇರೆ, ಧರ್ಮಗಳನ್ನು ಕುರಿತ ಶಿಕ್ಷಣ ಬೇರೆ ಎಂದು ಮತ್ತೆ ವಿಂಗಡಿಸಿ, ಎರಡನೆಯದನ್ನು ಪದವಿಯ ಹಂತದವರೆಗೆ ಕಲಿಸಬಹುದೆಂದಿತು. ಕಾಗದದ ಮೇಲೆ ಉಳಿದ ಈ ಮಾತಿಗೆ ಕಟ್ಟಡದ ರೂಪ ಬಂದದ್ದು ಪಂಜಾಬಿನಲ್ಲಿ. ಗುರು ಗೋವಿಂದಸಿಂಹರ ಮುನ್ನೂರನೆಯ ಜಯಂತಿಯ ಸಂದರ್ಭದಲ್ಲಿ ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯವು ಧರ್ಮಾಧ್ಯಯನ ವಿಭಾಗವನ್ನು ತೆರೆಯಿತು. ಅದರ ಭವನಕ್ಕೆ 1967ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ಅವರು ಶಂಕುಸ್ಥಾಪನೆ ಮಾಡಿದರು. ಸಿಖ್, ಹಿಂದೂ, ಬೌದ್ಧ, ಕ್ರೈಸ್ತ, ಇಸ್ಲಾಂ ಈ ಐದು ಧರ್ಮಗಳ ಅಧ್ಯಯನಕ್ಕೆ ಅಲ್ಲಿ ಸ್ಥಾನ ದೊರೆಯಿತು. ಗುರುವಿನ ಹೆಸರಿನಲ್ಲಿ ಆರಂಭವಾದ ವಿಭಾಗವು ಗುರುವಿನ ಪಂಥವೊಂದನ್ನೇ ಓದಿಸಲಿಲ್ಲ ಎಂಬುದು ಮನನಯೋಗ್ಯ ಸಂಗತಿ. ಇನ್ನೊಂದು ಸಂಗತಿ ಕನ್ನಡಿಗರಿಗೆ ಹತ್ತಿರದ್ದು: ಆಗ ಪಂಜಾಬಿನ ರಾಜ್ಯಪಾಲರೂ ಆ ಮೂಲಕ ಆ ವಿಶ್ವವಿದ್ಯಾಲಯದ ಕುಲಾಧಿಪತಿಗಳೂ ಆಗಿದ್ದವರು, ಅದೇ ವರ್ಷದವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಕುಲಪತಿಗಳಾಗಿ ಕಟ್ಟಿ ಬೆಳೆಸಿದ್ದ ಡಾ. ಡಿ. ಸಿ. ಪಾವಟೆಯವರು.

ಎರಡು ವರ್ಷಗಳ ಬಳಿಕ, 1969ರಲ್ಲಿ, ಅಮೃತಸರದಲ್ಲಿ ಗುರುನಾನಕ್ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಗುರುನಾನಕರ ಜೀವನ ಮತ್ತು ಬೋಧನೆಗಳ ಅಧ್ಯಯನಕ್ಕೆ ಅದರ ಕಾಯ್ದೆಯಲ್ಲೇ ಅವಕಾಶವಿತ್ತು. ಇದು ಸರ್ಕಾರಿ ಹಣದಿಂದ ನಡೆಯುವ ಧಾರ್ಮಿಕ ಬೋಧನೆಯಲ್ಲವೇ ಎಂದು ಡಿ.ಎ.ವಿ. ಕಾಲೇಜು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಸಂತರೊಬ್ಬರ ಜೀವನ ಮತ್ತು ತತ್ತ್ವಗಳನ್ನು ಭಾರತೀಯ ಹಾಗೂ ಜಾಗತಿಕ ನಾಗರಿಕತೆಗಳ ಹಿನ್ನೆಲೆಯಲ್ಲಿ ವಿದ್ವತ್ಪೂರ್ಣವಾಗಿ ಅಭ್ಯಸಿಸುವುದು ಧಾರ್ಮಿಕ ಬೋಧನೆಯಾಗದು ಎಂದು 1971ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. 2002ರಲ್ಲಿ ಶಾಲಾ ಪಠ್ಯಕ್ರಮದ ಮೊಕದ್ದಮೆಯಲ್ಲೂ ಇದೇ ನಿಲುವು ಮುಂದುವರಿಯಿತು.

ಹೀಗಾಗಿ ಕಾನೂನಿನ ಅಡ್ಡಿ ನಿವಾರಣೆಯಾಗಿ ಅರ್ಧ ಶತಮಾನವೇ ಕಳೆದಿದೆ. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಹೊರಡಿಸಿದ ಪದವಿ ಪಠ್ಯಕ್ರಮದ ಚೌಕಟ್ಟು, ಮುಖ್ಯ ವಿಷಯದೊಡನೆ ಉಪವಿಷಯವೊಂದನ್ನು ಆರಿಸಿಕೊಳ್ಳುವ ಅವಕಾಶವನ್ನೂ ಕಲ್ಪಿಸಿತು. ಭೌತಶಾಸ್ತ್ರದ ವಿದ್ಯಾರ್ಥಿಗೆ ಧರ್ಮಾಧ್ಯಯನವು ಉಪವಿಷಯವಾಗಬಾರದೆಂಬ ನಿಯಮವೇನಿಲ್ಲ. ಕೊರತೆಯಿರುವುದು ಅಧ್ಯಾಪಕರದು. ಮೂಲಭಾಷೆಗಳಲ್ಲಿ ಗ್ರಂಥಗಳನ್ನು ಓದಬಲ್ಲವರು, ತಮ್ಮದಲ್ಲದ ಧರ್ಮವನ್ನೂ ಅದರ ಅನುಯಾಯಿಗಳು ಒಪ್ಪುವಂತೆ ವಿವರಿಸಬಲ್ಲವರು, ಭಕ್ತನಾದ ವಿದ್ಯಾರ್ಥಿಯನ್ನು ನೋಯಿಸದೆ, ಸಂದೇಹಿಯನ್ನು ಗದರಿಸದೆ ಪಾಠ ಹೇಳಬಲ್ಲವರು ಸುಲಭವಾಗಿ ಸಿಗುವುದಿಲ್ಲ. ಅಂಥವರನ್ನು ಸಿದ್ಧಪಡಿಸುವ ವಿಭಾಗಗಳು ನಮ್ಮ ದೇಶದಲ್ಲಿ ಇಂದಿಗೂ ವಿರಳ.